ಸೂರಿಲ್ಲದ ಕಾರು, ಬಿಡದ ಮಳೆ



ಕಳೆದ ತಿಂಗಳ ಅಂಚೆಯಲ್ಲಿ ಡೊಂಬಿವಲಿಯಿಂದ ಒಂದು ಪತ್ರ ಬಂತು. ಹಾಡಿನ ಕೋರಿಕೆ ಇರಬಹುದು ಎಂದು ಬಿಡಿಸಿದರೆ, ಅಲ್ಲ. ಬರೆದವರು ಒಬ್ಬ ತಾಯಿ. ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಕೂಡಿಟ್ಟ ದುಡ್ಡಿನಲ್ಲಿ ಮೊದಲ ಕಾರು ಕೊಳ್ಳಲು ಹೊರಟಿದ್ದಾನೆ. ಅವನ ಮನಸ್ಸು ಹೋಗಿ ಕೂತಿರುವುದು 2001ರ ಮಾಡೆಲ್‌ನ ಒಂದು ಕೆಂಪು ಮಾಜ್ದಾ ಎಂಎಕ್ಸ್-5 ಮೇಲೆ. “ಎರಡೇ ಸೀಟಂತೆ, ತಲೆ ಮೇಲೆ ಬಟ್ಟೆಯ ಮಾಡಂತೆ. ಆ ಊರಲ್ಲಿ ಬೆಳಗಾದರೆ ಮಳೆ, ಚಳಿಗಾಲ ಬಂದರೆ ಹಿಮ. ಇದು ಕಾರೋ, ಆಟದ ಸಾಮಾನೋ? ನೀವು ತಿಳಿದು ಬರೆದರೆ ಅವನಿಗೆ ಕಳಿಸಿಕೊಡ್ತೀನಿ” ಎಂದು ಕೇಳಿದ್ದಾರೆ.

ಕಾರ್ಯಕ್ರಮದ ನಡುವಿನ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಡೋಣ. ಇಂಥ ಕಾರು ಕೊಳ್ಳುವ ಯೋಚನೆ ನಿಮ್ಮಲ್ಲಿ ಹೆಚ್ಚಿನವರಿಗೆ ಇರಲಾರದು. ಆದರೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹೋಗಲು ದಾರಿ ಸಿಗದಿದ್ದರೆ ಏನು ಮಾಡುತ್ತದೆ ಎನ್ನುವ ಕಥೆ ಇದೆಯಲ್ಲ, ಅದು ಹೆಂಚಿನ ಮನೆಯಲ್ಲಿ ಬೆಳೆದವರಿಗೂ, ಮುಂಬಯಿಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರಿಗೂ ಒಂದೇ!

ಯಾವುದೀ ಕಾರು?

ಮಾಡು ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರನ್ನು ಮನೆಮಾತಾಗಿಸಿದವರು ಬ್ರಿಟಿಷರು. ಎಂಜಿ, ಆಸ್ಟಿನ್-ಹೀಲಿ, ಟ್ರಯಂಫ್, ಲೋಟಸ್ ಮುಂತಾದ ಹೆಸರುಗಳೆಲ್ಲ ಅಲ್ಲಿಯವೇ. ವರ್ಷವೆಲ್ಲ ಮೋಡ ಕವಿದಿರುವ ದೇಶದಲ್ಲೇ ಸೂರಿಲ್ಲದ ಕಾರಿನ ಹುಚ್ಚು ಹೆಚ್ಚು ಎನ್ನುವುದು ತಮಾಷೆಯಾಗಿ ಕಾಣಬಹುದು. ಬಿಸಿಲು ಅಪರೂಪವಾದಲ್ಲಿ ಅದರ ಬೆಲೆ ಹೆಚ್ಚು, ಅಷ್ಟೇ. ಮದರಾಸಿನಲ್ಲಿ ಯಾರಾದರೂ ಬಿಸಿಲಿಗೆ ಕಾಯುತ್ತಾರೆಯೇ?

ಆ ಹಳೆಯ ಕಾರುಗಳು ಚೆಂದ, ಆದರೆ ಸೋರುತ್ತಿದ್ದವು. ಕೆಲವಕ್ಕೆ ಬಾಗಿಲಿನ ಗಾಜನ್ನು ಇಳಿಸುವ ಏರ್ಪಾಡೇ ಇರಲಿಲ್ಲ. ಚೌಕಟ್ಟಿನಲ್ಲಿ ಕೂಡಿಸಿದ ಪ್ಲಾಸ್ಟಿಕ್ ಪರದೆಯನ್ನು ಡಿಕ್ಕಿಯಿಂದ ತೆಗೆದು ಬಾಗಿಲಿಗೆ ಸಿಕ್ಕಿಸಬೇಕಿತ್ತು. ಮಳೆ ಬಂದಾಗ ನಮ್ಮ ಆಟೋದವರು ಪಕ್ಕದ ಟಾರ್ಪಾಲು ಬಿಚ್ಚಿ ಇಳಿಬಿಡುತ್ತಾರಲ್ಲ, ಸರಿಸುಮಾರು ಹಾಗೆಯೇ. ಪ್ರಸಿದ್ಧವಾದ ಎಂಜಿಬಿ ಕಾರಿನ ತಯಾರಿಕೆ 1980ರಲ್ಲಿ ನಿಂತಿತು. ಆ ಜಾತಿಯೇ ಮುಗಿಯಿತು ಎಂದು ಅನೇಕರು ತಿಳಿದರು.

ಮುಗಿಯಲಿಲ್ಲ. ಜಪಾನಿನ ಹಿರೋಷಿಮಾದ ಮಾಜ್ದಾ ಕಂಪನಿ ಅದನ್ನು ಎತ್ತಿಕೊಂಡಿತು. 1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಹೊಸ ಪುಟ್ಟ ಕಾರೊಂದನ್ನು ಮುಂದಿಟ್ಟಿತು. 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ನಾಲ್ಕು ಮೀಟರಿಗೆ ತುಸು ಕಡಿಮೆ ಉದ್ದ, ನೆಲದಿಂದ ಸುಮಾರು ನಾಲ್ಕಡಿ ಎತ್ತರ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಬ್ರಿಟನ್ನಿನಲ್ಲಿ ಎಂಎಕ್ಸ್-5, ಹೀಗೆ ಮೂರು ಹೆಸರು. ‘ಜಿನ್ಬಾ ಇತ್ತಾಯ್’ ಎನ್ನುವ ಜಪಾನೀ ಮಾತು ಅದರ ಹಿಂದಿನ ಮಂತ್ರ. ಕುದುರೆ ಮತ್ತು ಸವಾರ ಒಂದೇ ಜೀವವಾಗಿ ಹೋಗುವುದು ಎಂದು ಅರ್ಥ. 2000ನೇ ಇಸವಿಯಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ದಾಖಲೆ ಸೇರಿತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಅಲ್ಲಿಗೆ, ಡೊಂಬಿವಲಿಯ ಅಮ್ಮಾ, ಮೊದಲ ಉತ್ತರ: ಇದು ಆಟದ ಸಾಮಾನಲ್ಲ. ಆದರೆ ಮಾರುತಿಯ ಹಾಗೆ ‘ತೊಳೆದು ನಿಲ್ಲಿಸಿದರೆ ಸಾಕು’ ಎನ್ನುವಂಥದ್ದೂ ಅಲ್ಲ.

ಕಾರಿನ ಕುಲಾವಿ

ಮಡಚುವ ಮಾಡಿಗೆ ಹುಡ್ ಎನ್ನುತ್ತಾರೆ. ನಾನು ಕುಲಾವಿ ಎಂದರೂ ತಪ್ಪಿಲ್ಲ. ಮಗುವಿನ ತಲೆಗೆ ಹಾಕುವ ಕುಲಾವಿಯ ಹಾಗೇ ಅದು: ತೆಗೆಯುವುದು ಸುಲಭ, ಹಾಕುವುದು ಸುಲಭ, ಸರಿಯಾಗಿ ಕೂರಿಸದಿದ್ದರೆ ಕಿವಿಗೆ ಗಾಳಿ!

ಎಂಎಕ್ಸ್-5ರಲ್ಲಿ ಕಬ್ಬಿಣದ ಮಡಚು ಕಮಾನುಗಳ ಮೇಲೆ ವಿನೈಲ್ ಹೊದಿಕೆ ಇರುತ್ತದೆ, ಕೆಲವು ಕಾರುಗಳಲ್ಲಿ ದಪ್ಪ ನೇಯ್ಗೆಯ ಬಟ್ಟೆ. ಮುಂದಿನ ಗಾಜಿನ ಮೇಲಂಚಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಕೊಕ್ಕೆ. ಎರಡನ್ನೂ ಬಿಚ್ಚಿ ಹಿಂದಕ್ಕೆ ದೂಡಿದರೆ ಹುಡ್ ಸೀಟಿನ ಬೆನ್ನಿಗೆ ಮಡಚಿ ಮಲಗುತ್ತದೆ. ಮೋಟಾರಿಲ್ಲ, ಬಟನ್ನಿಲ್ಲ, ಕೈಕೆಲಸ. ಅಭ್ಯಾಸವಾದವರು ಸಿಗ್ನಲ್ಲಿನಲ್ಲಿ ದೀಪ ಕೆಂಪಿದ್ದಾಗಲೇ ಕೂತಲ್ಲಿಂದ ಇಳಿಸಿಬಿಡುತ್ತಾರೆ.

1997ರವರೆಗಿನ ಮೊದಲ ತಲೆಮಾರಿನ ಕಾರುಗಳಲ್ಲಿ ಹಿಂದಿನ ಕಿಟಕಿ ಪಾರದರ್ಶಕ ಪ್ಲಾಸ್ಟಿಕ್ಕಿನದು. ಹುಡ್ ಇಳಿಸುವ ಮೊದಲು ಆ ಕಿಟಕಿಯ ಜಿಪ್ ಬಿಚ್ಚಿ ಚಪ್ಪಟೆಯಾಗಿ ಮಲಗಿಸಬೇಕು. ಇಲ್ಲದಿದ್ದರೆ ಮಡಿಕೆ ಬಿದ್ದಲ್ಲೇ ಬಿರುಕು. ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗುವುದರಿಂದ ನೀರು ಹೆಪ್ಪುಗಟ್ಟುವ ಬೆಳಗ್ಗೆ ಅದನ್ನು ಮಡಚಲೇಬಾರದು. 1998ರಲ್ಲಿ ಬಂದ ಎರಡನೇ ತಲೆಮಾರಿನಲ್ಲಿ ಈ ಕಾಟ ತಪ್ಪಿತು. ಅದರ ಹಿಂದಿನ ಕಿಟಕಿ ನಿಜವಾದ ಗಾಜು, ಮಂಜು ಕರಗಿಸುವ ಬಿಸಿತಂತಿಯೂ ಉಂಟು. ಅಮ್ಮಾ, ನಿಮ್ಮ ಮಗ ನೋಡಿರುವ 2001ರ ಕಾರು ಈ ಎರಡನೇ ತಲೆಮಾರಿನದು.

ಹುಡ್‌ಗೆ ಮೂರು ಶತ್ರುಗಳು. ಒಂದು ಬಿಸಿಲು. ಅದರ ನೇರಳಾತೀತ ಕಿರಣಗಳು ವಿನೈಲನ್ನು ಒಣಗಿಸಿ ಬಿರಿಯಿಸುತ್ತವೆ. ಎರಡನೆಯದು ಒದ್ದೆಯಾಗಿದ್ದಾಗಲೇ ಮಡಚಿಡುವುದು. ಒದ್ದೆ ಕೊಡೆಯನ್ನು ಮಡಚಿ ಚೀಲದಲ್ಲಿಟ್ಟು ಮರೆತರೆ ಏನಾಗುತ್ತದೆ ಎಂದು ನಿಮಗೆ ಗೊತ್ತು: ಬೂಷ್ಟು, ಕಮಟು ವಾಸನೆ, ಕಪ್ಪು ಚುಕ್ಕೆ. ದಾರಿಯಲ್ಲಿ ಹಾಗೆ ಮಡಚಲೇಬೇಕಾಗಿ ಬಂದರೆ ಮನೆ ಸೇರಿದ ಮೇಲೆ ಮತ್ತೆ ಬಿಚ್ಚಿ ಆರಲು ಬಿಡಬೇಕು. ಮೂರನೆಯದು ಅತಿಯಾದ ಶುಚಿತ್ವ. ಬಟ್ಟೆ ಸೋಪು, ಬಿರುಸು ಬ್ರಷ್ಷು, ಹತ್ತಿರದಿಂದ ಹೊಡೆಯುವ ಪ್ರೆಷರ್ ನೀರು, ತಿರುಗುವ ಬ್ರಷ್ಷಿನ ಆಟೋಮ್ಯಾಟಿಕ್ ಕಾರ್ ವಾಷ್, ಇವೆಲ್ಲ ಬೇಡ. ಉಗುರುಬೆಚ್ಚನೆಯ ನೀರು, ಮೆತ್ತನೆ ಬ್ರಷ್ಷು, ತಾಳ್ಮೆ ಇಷ್ಟೇ ಸಾಕು. ಬಟ್ಟೆಯ ಹುಡ್ ಆದರೆ ಆಗಾಗ ನೀರು ನಿಲ್ಲದಂತೆ ಮಾಡುವ ದ್ರವ ಹಚ್ಚಬೇಕು. ಬಾಗಿಲ ಸುತ್ತಲಿನ ರಬ್ಬರಿಗೆ ಎಂಜಿನ್ ಆಯಿಲ್, ಗ್ರೀಸ್ ತಾಕಿಸಬಾರದು, ರಬ್ಬರ್ ಊದಿ ಮೆತ್ತಗಾಗುತ್ತದೆ. ರಬ್ಬರಿಗೆಂದೇ ಸಿಗುವ ಸಿಲಿಕೋನ್ ದ್ರವ ಒರೆಸಿದರೆ ಅದು ಬಹುಕಾಲ ಮೃದುವಾಗಿರುತ್ತದೆ.

ನೀರಿನ ದಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಹುಡ್‌ನ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

ಮಲೆನಾಡಿನ ಗದ್ದೆಗಳಲ್ಲಿ ಗೊರಬು ಹಾಕಿಕೊಂಡು ನಾಟಿ ಮಾಡುವುದನ್ನು ನೋಡಿದವರು ಒಮ್ಮೆ ನೆನಪಿಸಿಕೊಳ್ಳಿ. ನೀರು ತಲೆಯ ಮೇಲೆ ಬಿದ್ದು ಬೆನ್ನಿನ ಗುಂಟ ಇಳಿದು ಹಿಂದೆ ಸುರಿದುಹೋಗುತ್ತದೆ. ಈ ಕಾರಿನಲ್ಲೂ ಹಾಗೇ. ಮಳೆ ಹುಡ್‌ನ ಮೇಲಿಂದ ಹಿಂದಕ್ಕೆ ಜಾರುತ್ತದೆ. ಹುಡ್‌ನ ಹಿಂದಿನ ಬುಡದಲ್ಲಿ ಪ್ಲಾಸ್ಟಿಕ್ಕಿನ ಒಂದು ಸಣ್ಣ ತೋಡು ಇದೆ. ಕರಾವಳಿಯ ಮನೆಗಳಲ್ಲಿ ಸೂರಿನ ಕೆಳಗೆ ಅಡಿಕೆ ದಂಬೆ ಕಟ್ಟುತ್ತಿದ್ದರಲ್ಲ, ಅದರ ಕೆಲಸವೇ ಇದಕ್ಕೂ. ಆ ತೋಡು ನೀರನ್ನು ಎಡಕ್ಕೂ ಬಲಕ್ಕೂ ಒಯ್ದು, ಸೀಟುಗಳ ಹಿಂದಿನ ಮೂಲೆಗಳಲ್ಲಿರುವ ಎರಡು ತೂತುಗಳಿಗೆ ಬಿಡುತ್ತದೆ. ಅಲ್ಲಿಂದ ಎರಡು ಕೊಳವೆಗಳು ಕಾರಿನ ಮೈಯೊಳಗೇ ಇಳಿದು ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬಾಯಿ ತೆರೆಯುತ್ತವೆ.

ತೂತು ಚಿಕ್ಕದು. ಮರದಡಿ ನಿಲ್ಲಿಸಿದ ಕಾರಿನ ಹುಡ್‌ನ ಮಡಿಕೆಯಿಂದ ಒಂದು ತರಗೆಲೆ, ಸ್ವಲ್ಪ ಧೂಳು, ಬಟ್ಟೆಯ ನೂಲು ಸೇರಿ ಅಲ್ಲಿ ಬಿರಡೆಯಾಗುತ್ತದೆ. ಮುಂದಿನ ಮಳೆಗೆ ನೀರು ಇಳಿಯದೆ ತುಂಬಿ ಉಕ್ಕುತ್ತದೆ. ಉಕ್ಕಿದ ನೀರು ಸೀಟಿನ ಹಿಂದಿನ ಕಾರ್ಪೆಟ್ಟಿಗೆ ಬಂದರೆ ಪುಣ್ಯ! ಕಣ್ಣಿಗೆ ಕಾಣುತ್ತದೆ, ಕಾಲಿಗೆ ತಣ್ಣಗೆ ತಾಗುತ್ತದೆ, ಬೇಗ ಗೊತ್ತಾಗುತ್ತದೆ. ಕಣ್ಣಿಗೆ ಬೀಳದೆ ಬಾಗಿಲ ಕೆಳಗಿನ ಟೊಳ್ಳಿಗೆ ಇಳಿದರೆ ಕಷ್ಟ.

ಆ ಟೊಳ್ಳಿಗೆ ಇಂಗ್ಲಿಷಿನವರು ಸಿಲ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೊಸ್ತಿಲು. ಹತ್ತುವಾಗ ಇಳಿಯುವಾಗ ನಾವು ದಾಟುವ, ಬಾಗಿಲಿನ ಅಡಿಯ ಉದ್ದನೆಯ ಪೆಟ್ಟಿಗೆಯಂಥ ಭಾಗ. ಸಾಮಾನ್ಯ ಕಾರಿಗೂ ಹೊಸ್ತಿಲು ಮುಖ್ಯವೇ. ಆದರೆ ಈ ಕಾರಿಗೆ ಅದೇ ಪ್ರಾಣ. ಯಾಕೆ ಅಂತೀರಾ? ಮನೆಯಲ್ಲಿ ಮಕ್ಕಳ ಶೂ ಡಬ್ಬವಿದ್ದರೆ ತನ್ನಿ. ಮುಚ್ಚಳ ಹಾಕಿ ಎರಡೂ ತುದಿ ಹಿಡಿದು ತಿರುಚಿ ನೋಡಿ, ಗಟ್ಟಿಯಾಗಿರುತ್ತದೆ. ಮುಚ್ಚಳ ತೆಗೆದು ತಿರುಚಿ, ತೊಟ್ಟಿಲ ಬಟ್ಟೆಯ ಹಾಗೆ ಸೊಟ್ಟಗಾಗುತ್ತದೆ. ಕಾರಿನ ಉಕ್ಕಿನ ಮಾಡು ಎಂದರೆ ಆ ಮುಚ್ಚಳ. ಬಟ್ಟೆಯ ಹುಡ್ ಮಳೆ ತಡೆಯಬಲ್ಲದೇ ಹೊರತು ಮೈಯನ್ನು ಬಿಗಿಯಲಾರದು. ಆದ್ದರಿಂದ ಮೇಲೆ ಕಳೆದುಕೊಂಡ ಗಟ್ಟಿತನವನ್ನು ಕೆಳಗೆ, ನೆಲಹಾಸು ಮತ್ತು ಹೊಸ್ತಿಲುಗಳಲ್ಲಿ ತುಂಬಿಕೊಡಬೇಕು. ಹೊಸ್ತಿಲು ತುಕ್ಕು ಹಿಡಿದರೆ ಸೊರಗುವುದು ಬರೀ ಅಂದವಲ್ಲ, ಬೆನ್ನುಮೂಳೆ.

ಇದು ಒಳಗಿನಿಂದ ಹೊರಕ್ಕೆ ಬರುವ ತುಕ್ಕು. ಹೊರಗೆ ಬಣ್ಣದಲ್ಲಿ ಒಂದು ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಹಪ್ಪಳವಾಗಿರುತ್ತದೆ. ಮೂರು ವರ್ಷ ದಾಟಿದ ಕಾರುಗಳಿಗೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಂ.ಓ.ಟಿ. ಎನ್ನುವ ಕಡ್ಡಾಯ ತಪಾಸಣೆ ಇದೆ. ಹೊಸ್ತಿಲು ತುಕ್ಕು ಹಿಡಿದು ಬಲ ಕಳೆದುಕೊಂಡಿದ್ದರೆ ಕಾರು ನಪಾಸು. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಬೇಕು. ಹಳೆಯ ಕಾರಿನಲ್ಲಿ ಆ ಟಿಂಕರಿಂಗ್ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೇ ಹೋಗಿಬಿಡಬಹುದು. ಒಂದು ತರಗೆಲೆ ಎಲ್ಲಿಂದ ಎಲ್ಲಿಗೆ ಕರೆದೊಯ್ಯಿತು ನೋಡಿ!

ಮದ್ದು ಮಾತ್ರ ಬಲು ಅಗ್ಗ. ತಿಂಗಳಿಗೊಮ್ಮೆ, ಎಲೆ ಉದುರುವ ಕಾಲದಲ್ಲಿ ಇನ್ನೂ ಹೆಚ್ಚು ಸಲ, ಒಂದು ಲೋಟ ನೀರನ್ನು ಆ ತೂತಿಗೆ ನಿಧಾನವಾಗಿ ಹುಯ್ಯಬೇಕು. ಕಾರಿನಡಿ ಬಗ್ಗಿ ನೋಡಿದಾಗ ಹಿಂದಿನ ಚಕ್ರದ ಮುಂದೆ ನೀರು ಸುರಿದರೆ ದಾರಿ ಸ್ವಚ್ಛ. ತೊಟ್ಟಿಕ್ಕಿದರೆ ಕಟ್ಟಿದೆ ಎಂದರ್ಥ. ಆಗ ಬಾಗುವಂಥ ಪ್ಲಾಸ್ಟಿಕ್ ದಾರವನ್ನು ಮೆಲ್ಲಗೆ ಇಳಿಸಿ ಬಿಡಿಸಬೇಕು. ಕಬ್ಬಿಣದ ತಂತಿ ತುರುಕಬಾರದು, ಕೊಳವೆಯೇ ತೂತಾದರೆ ನೀರು ನೇರವಾಗಿ ಒಳಕ್ಕೆ. ಹೊಸ್ತಿಲ ಅಡಿಯಲ್ಲೂ ನೀರು ಬಸಿಯಲು ಸಣ್ಣ ಕಿಂಡಿಗಳಿವೆ, ಅಲ್ಲಿ ಮೆತ್ತಿದ ಕೆಸರನ್ನೂ ಕೆರೆದು ತೆಗೆಯಬೇಕು.

ಬ್ರಿಟನ್ನಿನ ನಾಲ್ಕು ಕಾಲ

ಮುಂಬಯಿಯಲ್ಲಿ ವರ್ಷಕ್ಕೆ 2,200 ಮಿಲಿಮೀಟರ್‌ಗೂ ಹೆಚ್ಚು ಮಳೆ, ಬಹುತೇಕ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಲಂಡನ್ನಿನಲ್ಲಿ? ಸುಮಾರು 600 ಮಿಲಿಮೀಟರ್! ಹಾಗಾದರೆ ಅಲ್ಲಿಯ ಮಳೆಗೆ ಇಷ್ಟು ಹೆಸರು ಯಾಕೆ? ಅಲ್ಲಿ ಮಳೆ ಸುರಿದು ಮುಗಿಸುವುದಿಲ್ಲ. ಇಷ್ಟಿಷ್ಟೇ ಜಿನುಗುತ್ತದೆ, ವರ್ಷವೆಲ್ಲ ಜಿನುಗುತ್ತದೆ. ನಿಂತ ಮೇಲೂ ಒಣಗಿಸುವ ಬಿಸಿಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಆ ದೇಶಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಾರಿಗೆ ಕೇಡು ಮಾಡುವುದು ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಈ ಆರದ ತೇವ.

ಮಾರ್ಚ್ ಏಪ್ರಿಲ್‌ನ ವಸಂತದಲ್ಲಿ ಆಕಾಶ ಒಂದು ಗಂಟೆಯಲ್ಲಿ ಮೂರು ವೇಷ ಹಾಕುತ್ತದೆ. ಕೈಯಿಂದ ಮಡಚುವ ಹುಡ್‌ನ ಸುಖ ತಿಳಿಯುವುದು ಆಗಲೇ. ಗಾಳಿ ಬಂದಾಗ ತೂರಿಕೋ ಎನ್ನುವ ಹಾಗೆ, ಬಿಸಿಲು ಬಂದಾಗ ಬಿಚ್ಚಿಕೋ! ಗಾಜು ಏರಿಸಿ, ಹೀಟರ್ ಕಾಲಿನ ಕಡೆಗೆ ತಿರುಗಿಸಿ, ಕಿವಿಗೆ ಉಣ್ಣೆ ಟೋಪಿ ಹಾಕಿದರೆ ಹತ್ತು ಡಿಗ್ರಿಯಲ್ಲೂ ಹಾಯಾಗಿ ಹೋಗಬಹುದು. ಇಲ್ಲೊಂದು ವಿಚಿತ್ರವಿದೆ. ಕಾರು ಓಡುವಾಗ ಗಾಳಿ ಮುಂದಿನ ಗಾಜನ್ನು ದಾಟಿ ತಲೆಯ ಮೇಲಿಂದ ಹಾದು, ಸೀಟಿನ ಹಿಂದೆ ಸುಳಿದು ಮತ್ತೆ ಮುಂದಕ್ಕೆ ಬರುತ್ತದೆ. ಅದಕ್ಕೇ ಚಳಿ ಹತ್ತುವುದು ಮುಖಕ್ಕಲ್ಲ, ಕತ್ತಿನ ಹಿಂಭಾಗಕ್ಕೆ. ಸೀಟುಗಳ ಹಿಂದೆ ಒಂದು ಬಲೆಯ ಅಡ್ಡಗೋಡೆ ನಿಲ್ಲಿಸಿದರೆ ಆ ಸುಳಿ ಬಹಳ ಕಡಿಮೆಯಾಗುತ್ತದೆ. ಇದೇ ಗಾಳಿಯಿಂದ ಒಂದು ಉಪಕಾರವೂ ಉಂಟು. ಹೆದ್ದಾರಿಯ ವೇಗದಲ್ಲಿ ತುಂತುರು ಮಳೆ ತಲೆಯ ಮೇಲಿಂದಲೇ ಹಾರಿಹೋಗುತ್ತದೆ. ಒದ್ದೆಯಾಗುವುದು ಮುಂದಿನ ವಾಹನಗಳು ನಿಂತು, ನೀವೂ ನಿಲ್ಲಬೇಕಾದಾಗ!

ಬೇಸಿಗೆ ಬಂದರೆ ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು. ಕೆಲಸ ಮುಗಿಸಿ ಬಂದು ಹೊಲಗಳ ನಡುವಿನ ದಾರಿಯಲ್ಲಿ ಒಂದು ಸುತ್ತು ಹೋಗಿಬರುವ ಕಾಲ. ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಆದ್ದರಿಂದ ಟೋಪಿ, ಕುಡಿಯುವ ನೀರು ಮರೆಯಬಾರದು. ಬಿಸಿಲಲ್ಲಿ ಬಿಟ್ಟ ಕಾರಿನ ಕಪ್ಪು ಸೀಟು ಕಾದ ಹಂಚಾಗಿರುತ್ತದೆ, ಒಂದು ಟವೆಲ್ ಹಾಸಿಟ್ಟರೆ ಒಳ್ಳೆಯದು.

ಸೆಪ್ಟೆಂಬರ್ ಕಳೆದರೆ ಎಲೆ ಉದುರುವ ಕಾಲ. ಮೇಲೆ ಹೇಳಿದ ಲೋಟದ ಪರೀಕ್ಷೆಯನ್ನು ಈಗ ತಪ್ಪಿಸಲೇಬಾರದು. ರಸ್ತೆಯ ಮೇಲಿನ ಒದ್ದೆ ಎಲೆಗಳು ಸಾಬೂನಿನಷ್ಟು ಜಾರುತ್ತವೆ. ಹಗುರ ಕಾರು, ಎಳೆತ ಹಿಂದಿನ ಚಕ್ರಕ್ಕೆ. ತಿರುವಿನ ನಡುವೆ ಆಕ್ಸಿಲರೇಟರ್ ತುಳಿದರೆ ಹಿಂಬದಿ ಪಕ್ಕಕ್ಕೆ ಸರಿಯುತ್ತದೆ. ಕಾನೂನಿನ ಪ್ರಕಾರ ಟಯರಿನ ಅಚ್ಚು 1.6 ಮಿಲಿಮೀಟರ್ ಇದ್ದರೆ ಸಾಕು. ಮಳೆಯ ರಸ್ತೆಗೆ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನೆಮ್ಮದಿ.

ಇನ್ನು ಚಳಿಗಾಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ರಸ್ತೆಯ ನೀರು ಹೆಪ್ಪುಗಟ್ಟದಿರಲೆಂದು ಲಾರಿಗಳು ರಾತ್ರಿಯೇ ಕಲ್ಲುಪ್ಪು ಎರಚಿ ಹೋಗುತ್ತವೆ. ಚೆಷೈರ್ ಜಿಲ್ಲೆಯ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ನೆಲದಡಿಯ ದೊಡ್ಡ ಉಪ್ಪಿನ ಗಣಿಯಿದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗೇ ಉಳಿಯುತ್ತದೆ. ಜನರ ಜೀವ ಉಳಿಸುವ ಉಪ್ಪು ಅದು. ಕಾರಿಗೆ ಮಾತ್ರ ವಿಷ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ತುಕ್ಕು ಹಿಡಿಯುವ ರಾಸಾಯನಿಕ ಕ್ರಿಯೆ ಬಿರುಸಾಗುತ್ತದೆ. ಸಮುದ್ರದ ಪಕ್ಕದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮಂಗಳೂರಿನ ಕಿಟಕಿ ಸರಳು, ಚೆನ್ನೈನ ಬಾಲ್ಕನಿ ಗ್ರಿಲ್ ನೋಡಿದವರಿಗೆ ಗೊತ್ತೇ ಇದೆ. ಚಳಿಗಾಲದಲ್ಲಿ ಓಡಿಸುವವರು ಆಗಾಗ ಕಾರಿನ ಅಡಿಭಾಗವನ್ನು ಬರಿನೀರಿನಿಂದ ತೊಳೆಯಬೇಕು. ಹೊಸ್ತಿಲ ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿಸಿದರೆ ಇನ್ನೂ ಉತ್ತಮ.

ಹವೆ ಏಳು ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟಯರಿನ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲಕ್ಕೆಂದೇ ಮೆತ್ತನೆ ರಬ್ಬರಿನ ಬೇರೆ ಟಯರುಗಳು ಸಿಗುತ್ತವೆ. ಹುಡ್‌ನ ಮೇಲೆ ಬಿದ್ದ ಹಿಮವನ್ನು ಕೆರೆಯಬಾರದು, ಮೆತ್ತನೆ ಬ್ರಷ್ಷಿನಿಂದ ದೂಡಬೇಕು. ಒಳಗೆ ಗಾಜು ಮಬ್ಬಾದರೆ ಹೀಟರಿನ ಜತೆ ಏಸಿಯನ್ನೂ ಹಾಕಬೇಕು. ಚಳಿಯಲ್ಲಿ ಏಸಿಯೇ ಎಂದು ನಗಬೇಡಿ, ಏಸಿ ಗಾಳಿಯ ತೇವವನ್ನು ಹೀರುತ್ತದೆ. ಸಾಧ್ಯವಿರುವವರು ಗಟ್ಟಿ ಮಾಡನ್ನು, ಅಂದರೆ ಹಾರ್ಡ್ ಟಾಪನ್ನು ಕೂರಿಸಿಕೊಳ್ಳುತ್ತಾರೆ. ಇನ್ನು ಕೆಲವರು ‘ಸಾರ್ನ್’ ಎನ್ನುವ ಸರ್ಕಾರಿ ಘೋಷಣೆ ಸಲ್ಲಿಸಿ, ಕಾರನ್ನು ರಸ್ತೆಗಿಳಿಸದೆ ಮನೆಯ ಜಾಗದಲ್ಲೇ ನಿಲ್ಲಿಸುತ್ತಾರೆ. ಆ ತಿಂಗಳುಗಳಿಗೆ ರಸ್ತೆ ತೆರಿಗೆ ಇಲ್ಲ. ಹಾಗೆ ನಿಲ್ಲಿಸುವಾಗ ಹುಡ್ ಏರಿಸಿಯೇ ಇರಬೇಕು, ಬ್ಯಾಟರಿಗೆ ಸಣ್ಣ ಚಾರ್ಜರ್ ಕೊಟ್ಟಿರಬೇಕು. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಒಳಗಿನ ತೇವ ಹೊರಹೋಗದೆ ಕಾರು ಬೆವರುತ್ತದೆ. ಗಾಳಿಯಾಡುವ ಬಟ್ಟೆಯ ಕವರೇ ಬೇಕು. ಮಳೆಗಾಲದಲ್ಲಿ ಸ್ಕೂಟರಿಗೆ ಪ್ಲಾಸ್ಟಿಕ್ ಸುತ್ತಿಡುವ ನಮ್ಮವರೂ ಈ ಮಾತು ಕೇಳಿಸಿಕೊಳ್ಳಿ!

ನಮ್ಮ ಊರುಗಳಲ್ಲಾದರೆ?

ಮೇ ತಿಂಗಳ ಹೈದರಾಬಾದಿನಲ್ಲಿ ಮಧ್ಯಾಹ್ನ ಹುಡ್ ಇಳಿಸುವವರು ಧೈರ್ಯವಂತರು. ಮುಂಬಯಿ ಪುಣೆಯಲ್ಲಿ ಮಳೆಯ ನಾಲ್ಕು ತಿಂಗಳು ಹುಡ್ ಏರಿಸಿಯೇ ಇರಬೇಕು. ಚೆನ್ನೈಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ದೆಹಲಿಯ ಚಳಿಗಾಲದ ಬಿಸಿಲು ಹಿತ, ಆದರೆ ಅದೇ ತಿಂಗಳುಗಳಲ್ಲಿ ಉಸಿರಾಡುವ ಗಾಳಿ ಕೆಡುತ್ತದೆ. ಜತೆಗೆ ಈ ಕಾರಿನಲ್ಲಿ ಕೂತವರ ಮೂಗು ಲಾರಿಯ ಹೊಗೆಕೊಳವೆಯ ಮಟ್ಟಕ್ಕೇ ಹತ್ತಿರ! ಬೆಳಗಿನ ಆರು ಗಂಟೆಯ ಖಾಲಿ ರಸ್ತೆ ಸಿಕ್ಕವರಿಗೆ ಮಾತ್ರ ಇದರ ಸುಖ.

ಆದರೂ ಈ ಕನಸು ನಮ್ಮವರಿಗೂ ಬಿದ್ದಿತ್ತು. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ‘ಸ್ಯಾನ್ ಸ್ಟಾರ್ಮ್’ ಎನ್ನುವ ಎರಡು ಸೀಟಿನ, ಮಾಡು ತೆರೆಯುವ ಪುಟ್ಟ ಕಾರು ಹೊರತಂದಿತು. ತಯಾರಾಗುತ್ತಿದ್ದುದು ಗೋವಾದಲ್ಲಿ. ರೆನೋ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಹೊರಮೈ ಫೈಬರ್ ಗ್ಲಾಸಿನದು, ಅಂದರೆ ಆ ಮೈಗೆ ತುಕ್ಕಿನ ಭಯವಿಲ್ಲ. ಈಗ ಅದರ ತಯಾರಿಕೆ ನಿಂತುಹೋಗಿದೆ, ಅಲ್ಲೊಂದು ಇಲ್ಲೊಂದು ಕಾಣಸಿಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಕಾರಿನ ಮಾಡನ್ನು ಗ್ಯಾರೇಜಿನಲ್ಲಿ ಕತ್ತರಿಸಿ ‘ಓಪನ್ ಕಾರ್’ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಅಡ್ಡ ಬರುತ್ತದೆ. ಕಾನೂನು ಹಾಗಿರಲಿ, ಶೂ ಡಬ್ಬದ ಪಾಠ ನೆನಪಿಸಿಕೊಳ್ಳಿ. ಮುಚ್ಚಳ ಕಿತ್ತು ಹೊಸ್ತಿಲು ಬಲಪಡಿಸದಿದ್ದರೆ ಅಪಘಾತದಲ್ಲಿ ಆ ಡಬ್ಬ ಯಾರನ್ನೂ ಕಾಯದು.

ಕೊಳ್ಳುವ ಮುಂಚೆ ನೋಡಬೇಕಾದ್ದು

ಹಳೆಯ ಎಂಎಕ್ಸ್-5 ನೋಡಲು ಹೋಗುವವರು ಹೀಗೆ ಮಾಡಲಿ:

1. ಮಳೆ ಬಂದ ಮರುದಿನವೇ ಹೋಗಿ ನೋಡುವುದು. ಸೀಟಿನ ಹಿಂದಿನ ಕಾರ್ಪೆಟ್, ಕಾಲಡಿಯ ಮ್ಯಾಟು ಎತ್ತಿ ಅಂಗೈ ಒತ್ತುವುದು. ತೇವವಿದ್ದರೆ, ಕಮಟು ಬಂದರೆ ಕಾರಣ ಕೇಳುವುದು.

2. ಒಂದು ಬಾಟಲಿ ನೀರು ಜತೆಗಿಟ್ಟುಕೊಂಡು, ಮಾರುವವರ ಅನುಮತಿ ಪಡೆದು ಲೋಟದ ಪರೀಕ್ಷೆ ಮಾಡುವುದು.

3. ಹೊಸ್ತಿಲ ಹಿಂದಿನ ತುದಿ, ಅಂದರೆ ಹಿಂದಿನ ಚಕ್ರದ ಮುಂದಿನ ಭಾಗ ಚೆನ್ನಾಗಿ ನೋಡುವುದು. ಗುಳ್ಳೆ, ಹೊಸದಾಗಿ ಬಳಿದ ಬಣ್ಣ, ತೇಪೆ ಇದ್ದರೆ ಹುಷಾರು. ಎರಡನೇ ತಲೆಮಾರಿನ ಕಾರಾದರೆ ಮುಂಭಾಗದಲ್ಲಿ ಎಂಜಿನ್‌ನ ಅಡಿ ಹಾದುಹೋಗುವ ಚಾಸಿ ಪಟ್ಟಿಗಳನ್ನೂ ಕಾರು ಎತ್ತಿಸಿ ನೋಡಬೇಕು, ಅವೂ ತುಕ್ಕಿಗೆ ಹೆಸರುವಾಸಿ.

4. ಹಿಂದಿನ ವರ್ಷಗಳ ಎಂ.ಓ.ಟಿ. ಫಲಿತಾಂಶ ಸರ್ಕಾರಿ ಜಾಲತಾಣದಲ್ಲಿ ಕಾರಿನ ನಂಬರು ಕೊಟ್ಟರೆ ಪುಕ್ಕಟೆ ಸಿಗುತ್ತದೆ. ‘ತುಕ್ಕು’ ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಕಾರಿನ ಜಾತಕ ಗೊತ್ತಾಗುತ್ತದೆ.

5. ಹುಡ್ ಇಳಿಸಿ ಏರಿಸಿ ನೋಡುವುದು. ಹೊಲಿಗೆ, ಮಡಿಕೆ, ಗಾಜಿನ ಅಂಚು ಪರೀಕ್ಷಿಸುವುದು. ಹುಡ್ ಹರಿದಿದ್ದರೆ ಬದಲಿಸಬಹುದು, ಹೊಸ್ತಿಲು ಕೊಳೆತಿದ್ದರೆ ಕೈಮುಗಿದು ಬರುವುದು.

6. ಡಿಕ್ಕಿಯ ಅಳತೆ ನೋಡುವುದು. ಸಾಮಾನು ಸ್ವಲ್ಪ, ಜನ ಇಬ್ಬರೇ. ಊರಿಂದ ಅಪ್ಪ ಅಮ್ಮ ಒಟ್ಟಿಗೆ ಬಂದರೆ ಒಬ್ಬರು ರೈಲಿನಲ್ಲೇ ಬರಬೇಕು!

ಸೂರಿಲ್ಲದ ಕಾರು ಅಪಾಯವೇ ಎಂಬ ಪ್ರಶ್ನೆಯೂ ಉಳಿಯುತ್ತದೆ. ಕಾರು ಉರುಳಿದರೆ ತಲೆಗೆ ಉಕ್ಕಿನ ಆಸರೆ ಕಡಿಮೆ ಎನ್ನುವುದು ನಿಜ. ಅದಕ್ಕೆಂದೇ ಸೀಟಿನ ಹಿಂದೆ ಕೂರಿಸುವ ಉಕ್ಕಿನ ಕಮಾನುಗಳು ಸಿಗುತ್ತವೆ. ಗಟ್ಟಿ ಹೊಸ್ತಿಲು, ಒಳ್ಳೆಯ ಟಯರು, ಕಟ್ಟಿದ ಬೆಲ್ಟು, ಮಳೆಯಲ್ಲಿ ತಾಳ್ಮೆ, ಈ ನಾಲ್ಕಿದ್ದರೆ ಅಂಜುವ ಕಾರಣ ಬಹಳ ಕಡಿಮೆ. ಕೊಳೆತ ಹೊಸ್ತಿಲಿನ ಕಾರಾದರೆ ಎಷ್ಟು ಅಗ್ಗವಾದರೂ ಬೇಡವೇ ಬೇಡ.

ಇಷ್ಟೆಲ್ಲ ಉಪಚಾರ ಬೇಡುವ ಕಾರನ್ನು ಜನ ಯಾಕೆ ಇಟ್ಟುಕೊಳ್ಳುತ್ತಾರೆ? ಮುಚ್ಚಿದ ಕಾರಿನಲ್ಲಿ ಹೋಗುವವರಿಗೆ ಹವಾಮಾನವೆಂದರೆ ಗಾಜಿನಾಚೆಯ ಸುದ್ದಿ. ಇದರಲ್ಲಿ ಹೋಗುವವರಿಗೆ ಮಳೆಗೆ ಮುಂಚಿನ ಮಣ್ಣಿನ ವಾಸನೆ, ಸೇತುವೆಯಡಿಯ ತಂಪು, ಕೊಯ್ದ ಹುಲ್ಲಿನ ಘಮ ಎಲ್ಲವೂ ಸಿಗುತ್ತವೆ. ಮೋಡ ನೋಡಿ ಹೊತ್ತು ಅಳೆಯುವುದನ್ನು ನಗರಕ್ಕೆ ಬಂದ ನಾವೆಲ್ಲ ಮರೆತಿದ್ದೇವೆ. ಈ ಪುಟ್ಟ ಕಾರು ಅದನ್ನು ಮತ್ತೆ ಕಲಿಸುತ್ತದೆ.

ನನ್ನದು ಒಂದೇ ತಕರಾರು. ಹುಡ್ ಇಳಿಸಿ ಹೆದ್ದಾರಿಗಿಳಿದರೆ ಗಾಳಿಯ ಸದ್ದಿಗೆ ರೇಡಿಯೋ ಕೇಳಿಸುವುದಿಲ್ಲ! ಮಾಜ್ದಾದವರಿಗೂ ಇದು ಹೊಳೆದಿರಬೇಕು. ಮೊದಲ ತಲೆಮಾರಿನ ಕೆಲವು ಕಾರುಗಳಲ್ಲಿ ಸೀಟಿನ ತಲೆದಿಂಬಿನೊಳಗೇ ಪುಟ್ಟ ಸ್ಪೀಕರ್‌ಗಳನ್ನು ಕೂರಿಸಿದ್ದರು, ಕಿವಿಯ ಪಕ್ಕದಲ್ಲೇ ಹಾಡು ಬರಲಿ ಎಂದು.

ನಿಮ್ಮ ಊರಿನ ಮಳೆಗೆ ನಿಮ್ಮ ಗಾಡಿಯನ್ನು ಹೇಗೆ ಕಾಪಾಡುತ್ತೀರಿ ಎಂದು ನೀವೂ ಬರೆಯಿರಿ. ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಸಿಗೋಣ.